ತುಂಗಮ್ಮನ ಹಣೆಯ ಬೊಟ್ಟು

ಆ ದೊಡ್ಡ ಚಂಡಮಾರುತದ ವರ್ಷ, ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ನಮ್ಮ ಬೀದಿಗೆ ನೀರು ನುಗ್ಗಿ, ಡ್ರೈವ್‌ವೇ ಹತ್ತಿ, ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಾಗ, ಮನೆಯವರೆಲ್ಲ ತಮತಮಗೆ ಮುಖ್ಯ ಅನ್ನಿಸಿದ್ದನ್ನು ಎತ್ತಿಕೊಂಡು ಮಹಡಿ ಹತ್ತಿದೆವು. ನನ್ನ ಹೆಂಡತಿ ವಿಜಯಾ ಪಾಸ್‌ಪೋರ್ಟುಗಳನ್ನೂ ಒಡವೆ ಡಬ್ಬಿಯನ್ನೂ ಎತ್ತಿಕೊಂಡಳು. ಎಂಬತ್ತು ದಾಟಿದ ನನ್ನಮ್ಮ ದೇವರ ಪಟಗಳನ್ನೂ ಮಂಡಿನೋವಿನ ಎಣ್ಣೆಯನ್ನೂ ಎತ್ತಿಕೊಂಡಳು. ನಾನು ಗ್ಯಾರೇಜಿಗೆ ಓಡಿ, ಮೂಲೆಯಲ್ಲಿದ್ದ ತಗಡಿನ ಟ್ರಂಕನ್ನು ಹೊತ್ತುಕೊಂಡು, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದೆ. ಅದರೊಳಗೆ ಇದ್ದದ್ದು ಇಂಗ್ಲೆಂಡಿನ ಹಳೇ ಕಾಮಿಕ್ಸು. ಮಕ್ಕಳ ವಾರಪತ್ರಿಕೆಯ ಕಟ್ಟುಗಳು.

ಇವತ್ತಿಗೂ ಯಾರಾದರೂ ಊಟಕ್ಕೆ ಬಂದರೆ ವಿಜಯಾ ಈ ಕಥೆ ಹೇಳದೆ ಹೋಳಿಗೆ ಬಡಿಸುವುದಿಲ್ಲ. ಜೀವ ಉಳಿಸಿಕೊಳ್ಳೋ ಹೊತ್ತಿನಲ್ಲಿ ಇವರು ಚಿತ್ರದ ಪುಸ್ತಕ ಉಳಿಸಿಕೊಂಡರು ನೋಡಿ ಅಂತ ಶುರು ಮಾಡುತ್ತಾಳೆ. ಬಂದವರು ತುಪ್ಪ ಹಾಕಿಸಿಕೊಳ್ಳುತ್ತಾ ನನ್ನ ಕಡೆ ನೋಡಿ ನಗುತ್ತಾರೆ. ನಾನೂ ನಗುತ್ತೇನೆ, ಬೇರೆ ದಾರಿ ಏನಿದೆ ಹೇಳಿ. ಆ ದಿನ ನೀರು ಹೊಸ್ತಿಲು ಮುಟ್ಟಿ, ನಮ್ಮ ಮುಖ ನೋಡಿ, ಹಾಗೇ ಹಿಂತಿರುಗಿತು. ಟ್ರಂಕು ಎತ್ತಿದ ನನ್ನ ಸೊಂಟ ಮಾತ್ರ ಇನ್ನೂ ಹಿಂತಿರುಗಿಲ್ಲ.

ಆ ಟ್ರಂಕಿನ ವಿಷಯ ಹೇಳಬೇಕಾದರೆ ಕೋಲಾರದ ಚಿನ್ನದ ಗಣಿಗೆ ಹೋಗಬೇಕು. ಚಿನ್ನದ ಗಣಿ ಅಂದ ತಕ್ಷಣ ಕಣ್ಣು ಅರಳಿಸಬೇಡಿ. ಅಲ್ಲೇ ಹುಟ್ಟಿದ ನಮಗೆ ಕಂಡದ್ದು ಚಿನ್ನವಲ್ಲ, ಚಿನ್ನ ತೆಗೆದು ಬಿಸಾಡಿದ ಮಣ್ಣಿನ ದಿಬ್ಬಗಳು. ಗಾಳಿ ಬೀಸಿದರೆ ಆ ಧೂಳು ಒಣಹಾಕಿದ ಬಟ್ಟೆಯ ಮೇಲೆಲ್ಲ ಕೂತು, ಅಮ್ಮ ಮತ್ತೆ ಒಗೆಯಬೇಕಾಗುತ್ತಿತ್ತು. ಆಮೇಲೆ ನಾನು ಭೂಗರ್ಭಶಾಸ್ತ್ರ ಓದಿ, ಹ್ಯೂಸ್ಟನ್ನಿಗೆ ಬಂದು, ದ ವುಡ್‌ಲ್ಯಾಂಡ್ಸಿನ ಎಣ್ಣೆ ಕಂಪನಿಯಲ್ಲಿ ಕಲ್ಲಿನ ಪದರ ನೋಡುತ್ತಾ ಜೀವನ ಕಳೆದೆ. ಅದರಲ್ಲೂ ಅರ್ಧ ಜೀವನ ಮನೆಗೂ ಆಫೀಸಿಗೂ ಮಧ್ಯದ ಫ್ರೀವೇ ಮೇಲೇ ಕಳೆಯಿತು ಅನ್ನಿ.

ಅಪ್ಪ ಗಣಿಯ ಸ್ಟೋರ್ಸಿನಲ್ಲಿ ಗುಮಾಸ್ತರು. ದೊರೆಗಳು ಆಗಲೇ ಇಂಗ್ಲೆಂಡಿಗೆ ಹೊರಟುಹೋಗಿದ್ದರು, ಅವರ ಅಭ್ಯಾಸಗಳು ಮಾತ್ರ ಉಳಿದುಕೊಂಡಿದ್ದವು. ಅವರ ಕ್ಲಬ್ಬಿನ ಲೈಬ್ರರಿಗೆ ಅವರ ಮಕ್ಕಳಿಗಾಗಿ ಅಂತ ತರಿಸುತ್ತಿದ್ದ ವಾರಪತ್ರಿಕೆಯನ್ನು ಯಾರೂ ನಿಲ್ಲಿಸಿರಲಿಲ್ಲ. ಓದುವ ಮಕ್ಕಳು ಇರಲಿಲ್ಲ, ಪತ್ರಿಕೆ ಮಾತ್ರ ಹಡಗು ಹತ್ತಿ ಬರುತ್ತಲೇ ಇತ್ತು. ಲೈಬ್ರರಿ ನೋಡಿಕೊಳ್ಳುತ್ತಿದ್ದ ಡೇವಿಡ್ ಅಂಕಲ್ ಅಪ್ಪನ ಸ್ನೇಹಿತರು. ಸ್ವಲ್ಪ ದಿನ ಮೇಜಿನ ಮೇಲೆ ಇಟ್ಟು, ಆಮೇಲೆ ಅಪ್ಪನ ಕೈಗೆ ಕೊಟ್ಟುಬಿಡುತ್ತಿದ್ದರು. ಶುಕ್ರವಾರ ಸಂಜೆ ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಸುರುಳಿ ಸುತ್ತಿಕೊಂಡು ಅದು ನಮ್ಮ ಮನೆಗೆ ಬರುತ್ತಿತ್ತು. ಹಡಗಿನ ದಯದಿಂದ ಎಲ್ಲವೂ ತಿಂಗಳುಗಟ್ಟಲೆ ತಡ. ನಮ್ಮ ಮನೆಯಲ್ಲಿ ಬೇವು ಬೆಲ್ಲ ತಿನ್ನುವ ಹೊತ್ತಿಗೆ ಪತ್ರಿಕೆಯಲ್ಲಿ ಕ್ರಿಸ್‌ಮಸ್ಸು, ಹಿಮ, ಉಣ್ಣೆ ಟೋಪಿ. ಇಂಗ್ಲೆಂಡಿನಲ್ಲಿ ಯುಗಾದಿಗೆ ಹಿಮ ಬೀಳುತ್ತದೆ ಅಂತಲೇ ನಾನು ಬಹಳ ದಿನ ನಂಬಿಕೊಂಡಿದ್ದೆ.

ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಪ್ಪನಿಗೆ ಬರುತ್ತಿತ್ತು, ಆದರೆ ಅವರು ಪತ್ರಿಕೆ ತಂದುಕೊಟ್ಟು ಮುಖದ ಮೇಲೆ ಟವಲ್ ಹಾಕಿಕೊಂಡು ಮಲಗಿಬಿಡುತ್ತಿದ್ದರು. ಹಾಗಾಗಿ ಕಥೆ ಹೇಳುವ ಕೆಲಸ ಅಮ್ಮನದು. ಚಿತ್ರ ನೋಡುವುದು, ಕಥೆ ಕಟ್ಟುವುದು. ಮುಖಪುಟದಲ್ಲಿ ಪ್ರತಿ ವಾರವೂ ಒಬ್ಬಳು ದಪ್ಪ ಹೆಂಗಸು ಬರುತ್ತಿದ್ದಳು. ತುರುಬು, ಏಪ್ರನ್ನು, ಕೈಯಲ್ಲಿ ಉದ್ದನೆಯ ಸೌಟು. ಸಮುದ್ರದ ದಡದ ಊರಲ್ಲಿ ಮನೆಯ ರೂಮುಗಳನ್ನು ಬಾಡಿಗೆಗೆ ಕೊಟ್ಟು, ಬಾಡಿಗೆಯವರಿಗೆಲ್ಲ ತಾನೇ ಅಡಿಗೆ ಮಾಡಿ ಹಾಕುವವಳು. ಗಂಡ ಹಡಗಿನಲ್ಲಿ ಕೆಲಸ, ಕ್ರಿಸ್‌ಮಸ್ ಸಂಚಿಕೆಯಲ್ಲಿ ಮಾತ್ರ ಮನೆಗೆ ಬರುತ್ತಿದ್ದ. ಅವಳ ಹೆಸರು ಮಿಸೆಸ್ ಟಟ್ವಿಕ್ ಅಂತ ನನಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಅಮ್ಮ ಅವಳಿಗೆ ತುಂಗಮ್ಮ ಅಂತ ಹೆಸರಿಟ್ಟಿದ್ದಳು.

ತುಂಗಮ್ಮನ ಸಾರು ಬಾಡಿಗೆಯವರಿಗೆ ಸೇರುತ್ತಿರಲಿಲ್ಲ. ಅವಳು ಆ ಕಡೆ ತಿರುಗಿದ ಕೂಡಲೇ ಹೂವಿನ ಕುಂಡಕ್ಕೆ ಸುರಿದುಬಿಡುತ್ತಿದ್ದರು. ಇದು ಇಂಗ್ಲಿಷಿನವರ ಕಥೆ. ಅಮ್ಮನ ಕಥೆಯಲ್ಲಿ ಆ ದಿನ ಏಕಾದಶಿ, ಅವರೆಲ್ಲ ಉಪವಾಸ, ಪಾಪ ಹೇಳುವುದಕ್ಕೆ ಸಂಕೋಚ. ಕುಂಡದ ಗಿಡ ದಪ್ಪಗಾಗಿ ಚಾವಣಿ ಮುಟ್ಟಿದರೆ ಅದು ತುಂಗಮ್ಮನ ಕೈಗುಣ. ನಾನು ದೊಡ್ಡವನಾಗಿ ಇಂಗ್ಲಿಷ್ ಕಲಿತು ನಿಜವಾದ ಮಾತುಗಳನ್ನು ಓದಿದಾಗ ನನಗೆ ಏನೋ ಸಪ್ಪೆ ಅನ್ನಿಸಿತು. ಅಮ್ಮನ ಕಥೆಯೇ ಎಷ್ಟೋ ಚೆನ್ನಾಗಿತ್ತು.

ಅಮ್ಮನಿಗೆ ಇನ್ನೊಂದು ಅಭ್ಯಾಸ. ಮನೆಯೊಳಗೆ ಹೊಸದಾಗಿ ಏನು ಬಂದರೂ ಅದಕ್ಕೆ ಅರಿಶಿನ ಕುಂಕುಮ ಹಚ್ಚದೆ ಯಾರೂ ಮುಟ್ಟುವ ಹಾಗಿರಲಿಲ್ಲ. ಹೊಸ ಅಂಗಿಯ ಒಳಪಟ್ಟಿಗೆ, ಸ್ಲೇಟಿನ ಚೌಕಟ್ಟಿಗೆ, ಅಪ್ಪನ ಛತ್ರಿಯ ಹಿಡಿಗೆ, ಎಲ್ಲಕ್ಕೂ. ವಾರಪತ್ರಿಕೆಯೂ ಹೊಸದೇ ತಾನೆ? ಮೊದಲ ಸಲ ಮೂಲೆಗೆ ಹಚ್ಚಲು ಹೋದವಳು ತುಂಗಮ್ಮನ ಮುಖ ನೋಡಿ ಕೈ ತಡೆದಳು. ಗಂಡ ಗುಂಡುಕಲ್ಲಿನ ಹಾಗಿದ್ದಾನೆ, ಇವಳು ನೋಡಿದರೆ ಬೋಳು ಹಣೆಯಲ್ಲಿ ಓಡಾಡುತ್ತಾಳೆ, ಪಾಪ ಯಾರೂ ಹೇಳಿಕೊಟ್ಟಿಲ್ಲ ಅಂತ ಮರುಗಿ, ಉಂಗುರದ ಬೆರಳನ್ನು ಒದ್ದೆ ಅರಿಶಿನಕ್ಕೂ ಕುಂಕುಮಕ್ಕೂ ಅದ್ದಿ, ಸರಿಯಾಗಿ ಅವಳ ಹಣೆಯ ನಡುವೆ ಬೊಟ್ಟಿಟ್ಟಳು. ಅಲ್ಲಿಂದ ಮುಂದೆ ಪ್ರತಿ ಶುಕ್ರವಾರವೂ ಅದೇ. ಬೊಟ್ಟು ಒಣಗಿದ ಮೇಲೆಯೇ ಪತ್ರಿಕೆ ನನ್ನ ಕೈಗೆ.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ, ಒಂದು ಬೇಸಿಗೆಯಲ್ಲಿ, ಅಪ್ಪ ಜ್ವರ ಅಂತ ಮಲಗಿದವರು ಮತ್ತೆ ಏಳಲಿಲ್ಲ. ಡೇವಿಡ್ ಅಂಕಲ್ ಮಾತ್ರ ಶುಕ್ರವಾರ ತಪ್ಪಿಸಲಿಲ್ಲ. ತಾವೇ ಬಂದು, ಬಾಗಿಲಲ್ಲೇ ನಿಂತು, ಪತ್ರಿಕೆ ಕೊಟ್ಟು ಹೋಗುತ್ತಿದ್ದರು. ಮಾರನೇ ವರ್ಷ ನಾವು ಮೈಸೂರಿಗೆ, ಸೋದರಮಾವನ ಮನೆಗೆ ಬಂದೆವು. ಟ್ರಂಕೂ ಬಂತು. ಆಮೇಲೆ ನಾನು ಹೋದಲ್ಲೆಲ್ಲ ಅದೂ ಬಂತು, ಅಮ್ಮನೂ ಬಂದಳು. ಈಗಲೂ ಹೊಸ ಕಾರು ತಂದರೆ ಅದಕ್ಕೆ ಅರಿಶಿನ ಕುಂಕುಮ ಆಗಲೇಬೇಕು. ಆದರೆ ಅಮ್ಮ ಗ್ಯಾರೇಜಿನ ಬಾಗಿಲಲ್ಲಿ ನಿಂತು, ಅಲ್ಲಿಗಿಡು, ಇಲ್ಲಿಗಿಡು ಅಂತ ವಿಜಯಾಗೆ ಹೇಳುತ್ತಾಳೆ. ತಾನು ಮುಟ್ಟುವುದಿಲ್ಲ. ಯಾರ ಮನೆಗೆ ಹೋದರೂ ಕುಂಕುಮದ ತಟ್ಟೆ ಬರುವ ಹೊತ್ತಿಗೆ ಅವಳಿಗೆ ಬಾಯಾರಿಕೆ ಆಗಿ ಅಡಿಗೆಮನೆ ಕಡೆ ಹೋಗಿಬಿಡುತ್ತಾಳೆ.

ಇದಿಷ್ಟು ಟ್ರಂಕಿನ ಪೂರ್ವಾಶ್ರಮ. ನೀರು ಇಳಿದ ಮೇಲೆ, ತೇವ ಹಿಡಿದಿರಬಹುದು ಅಂತ ಪತ್ರಿಕೆಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿ ಫ್ಯಾನ್ ಹಾಕಿದ್ದೆ. ಆಗ ಆಸ್ಟಿನ್ನಿನಿಂದ ನಮ್ಮ ಯೋಗಕ್ಷೇಮ ನೋಡಲು ಬಂದ ಮಗಳು ಮೇಘನಾ ಅವುಗಳನ್ನು ನೋಡಿ ನಿಂತುಬಿಟ್ಟಳು. ನಾವು ಕನ್ನಡದಲ್ಲಿ ಏನೇ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. ‘ಅಪ್ಪಾ, ದಿಸ್ ಈಸ್ ಗೋಲ್ಡ್’ ಅಂದಳು. ಹೌದಮ್ಮ, ಅಲ್ಲಿಂದಲೇ ಬಂದದ್ದು ಅಂದೆ. ಅವಳು ನಗಲಿಲ್ಲ. ಫೋಟೋ ತೆಗೆದು ಆಸ್ಟಿನ್ನಿನಲ್ಲಿ ತನಗೆ ಗೊತ್ತಿದ್ದ ಕಾಮಿಕ್ಸ್ ಅಂಗಡಿಯವನಿಗೆ ಕಳಿಸಿದಳು. ಮಾರನೇ ದಿನವೇ ಆ ಮನುಷ್ಯ ಪಿಕಪ್ ಟ್ರಕ್ ಓಡಿಸಿಕೊಂಡು ನಮ್ಮ ಮನೆಯ ಮುಂದೆ ಹಾಜರ್.

ಅವನೇ ಡೇಲ್. ನನಗಿಂತ ಹತ್ತು ವರ್ಷ ಚಿಕ್ಕವನು, ಟೆಕ್ಸಸ್ಸಿನಲ್ಲೇ ಹುಟ್ಟಿದವನು, ಬೂಟು ಟೋಪಿ ಎಲ್ಲ ಉಂಟು. ಅಂಗಡಿ ಒಂದು ನೆಪ, ಅವನ ಜೀವ ಇರುವುದು ಹಳೇ ಬ್ರಿಟಿಷ್ ಕಾಮಿಕ್ಸಿನಲ್ಲಿ. ಅಮೆರಿಕದವರಿಗೆ ಮೈಗೆ ಅಂಟಿದ ಬಟ್ಟೆ ಹಾಕಿಕೊಂಡು ಹಾರುವವರು ಮಾತ್ರ ಗೊತ್ತು, ಸಮುದ್ರದ ಆಚೆ ಎಂಥೆಂಥ ಜನ ಇದ್ದರು ಅಂತ ಇವರಿಗೆ ತೋರಿಸಬೇಕು ಅನ್ನುವುದು ಅವನ ವ್ರತ. ಹಕ್ಕು ಇರುವವರಿಗೆ ಬರೆದು ಬರೆದು ಒಪ್ಪಿಗೆ ಪಡೆದುಕೊಂಡು, ಒಂದೊಂದಾಗಿ ಪುಸ್ತಕ ಮಾಡುತ್ತಿದ್ದ. ಮಿಸೆಸ್ ಟಟ್ವಿಕ್ ಮೇಲೆ ಅವನಿಗೆ ಬಹಳ ವರ್ಷದ ಕಣ್ಣು. ಆದರೆ ಆ ಕಾಲದ ಸಂಚಿಕೆಗಳನ್ನು ಇಂಗ್ಲೆಂಡಿನವರೇ ಓದಿ ಒಲೆ ಹಚ್ಚಲು ಬಳಸಿಕೊಂಡಿದ್ದರಂತೆ. ಒಂದರ ಮೇಲೊಂದು ಬಿಡದೆ ಬಂದ ಸಂಚಿಕೆಗಳನ್ನು ಅವನು ಮೊದಲ ಸಲ ನೋಡಿದ್ದು ನಮ್ಮ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ. ಬಿಳಿ ಕೈಗವಸು ಹಾಕಿಕೊಂಡು ಒಂದೊಂದೇ ಎತ್ತಿಕೊಂಡ.

ಅವನು ಪತ್ರಿಕೆಗಳನ್ನು ಆಸ್ಟಿನ್ನಿಗೆ ಒಯ್ದು ಸ್ಕ್ಯಾನ್ ಮಾಡುತ್ತಿದ್ದ. ಅರ್ಥವಾಗದ್ದನ್ನು ನನಗೆ ಫೋನ್ ಮಾಡಿ ಕೇಳುತ್ತಿದ್ದ. ಆಗ ನನಗೆ ಹೊಳೆಯಿತು ನೋಡಿ, ಬ್ರಿಟಿಷರ ಇಂಗ್ಲಿಷನ್ನು ಅಮೆರಿಕದವರಿಗೆ ಬಿಡಿಸಿ ಹೇಳಲು ಕೋಲಾರದವನೇ ಬೇಕು ಅಂತ. ಲಾರಿ ಅಂದರೇನು, ಬ್ರಿಟಿಷರ ಮನೆಯಲ್ಲಿ ಅಪರಿಚಿತರು ಬಂದು ಉಳಿದುಕೊಂಡು ಊಟಕ್ಕೂ ಅಲ್ಲೇ ಕೂರುವುದು ಯಾಕೆ, ಅದಕ್ಕೆಲ್ಲ ನನ್ನಲ್ಲಿ ಉತ್ತರ ಇತ್ತು. ಬೆಂಗಳೂರಿನಲ್ಲಿ ಪಿ.ಜಿ. ಅಂತಾರಲ್ಲ, ಅದೇ ಕಣಪ್ಪ ಅಂದೆ. ಅವನಿಗೆ ಪಿ.ಜಿ.ಯನ್ನೂ ಬಿಡಿಸಿ ಹೇಳಬೇಕಾಯಿತು.

ನೀನೇ ಅಡಿಟಿಪ್ಪಣಿ ಬರೆದುಕೊಡು ರಾಮ್ ಅಂದ. ನನ್ನಂಥ ನಿವೃತ್ತನಿಗೆ ಯಾರೂ ಇಂಥ ಮಾತು ಹೇಳಬಾರದು. ಕಥೆಯಲ್ಲಿ ಬರುವ ಹೆಡ್‌ಮಾಸ್ಟರ ಬೆತ್ತದ ಬಗ್ಗೆ ಒಂದು ಪುಟ ಬರೆದೆ. ಬೆತ್ತ ಯಾವ ಜಾತಿಯದು, ನಮ್ಮ ಹೆಡ್‌ಮಾಸ್ಟರು ಅದನ್ನು ಯಾಕೆ ನೀರಲ್ಲಿ ನೆನೆಸಿಡುತ್ತಿದ್ದರು, ಅಂಗೈ ಎಷ್ಟು ಬಾಗಿಸಿದರೆ ಪೆಟ್ಟು ಕಡಿಮೆ ಬೀಳುತ್ತದೆ, ಎಲ್ಲ. ಡೇಲ್ ಅದನ್ನು ಕತ್ತರಿಸಿ ‘ಬೆತ್ತ: ಹೊಡೆಯುವುದಕ್ಕೆ’ ಅಂತ ಉಳಿಸಿದ. ಬಿಸ್ಕೆಟ್ಟಿನ ಬಗ್ಗೆ ಬರೆದದ್ದು ಇನ್ನೂ ಚೆನ್ನಾಗಿತ್ತು. ಇಲ್ಲಿ ಬಿಸ್ಕೆಟ್ ಅಂದರೆ ಮೆತ್ತಗಿನ ಬನ್ನು, ಅದರ ಮೇಲೆ ಗ್ರೇವಿ ಸುರಿದುಕೊಂಡು ತಿನ್ನುತ್ತಾರೆ. ಇಂಥ ಜನಕ್ಕೆ ಟೀಯಲ್ಲಿ ಬಿಸ್ಕೆಟ್ ಅದ್ದುವ ಸುಖ, ಒಂದು ಗಳಿಗೆ ಹೆಚ್ಚಾದರೆ ಅದು ಮುರಿದು ತಳ ಸೇರುವ ದುಃಖ, ಇದನ್ನೆಲ್ಲ ಮನಸ್ಸಿಟ್ಟು ವಿವರಿಸಿದ್ದೆ. ಅವನು ‘ಬಿಸ್ಕೆಟ್: ಕುಕಿ’ ಅಂತ ಮಾಡಿ ಕಳಿಸಿದ. ಆ ವಾರವೆಲ್ಲ ನಾನು ಅವನ ಫೋನ್ ಎತ್ತಲಿಲ್ಲ. ಟೆಕ್ಸಸ್ಸಿನ ಓದುಗರು ಈ ಹೆಂಗಸಿಗೆ ಯಾವ ವಿಶೇಷ ಶಕ್ತಿ ಇದೆ ಅಂತ ಕೇಳುತ್ತಾರೆ ಅಂತ ಅವನು ಕೊರಗಿದಾಗ ವಿಜಯಾ ಪಕ್ಕದಿಂದಲೇ ಹೇಳಿದಳು, ಮನೆ ತುಂಬ ಜನಕ್ಕೆ ದಿನಾ ಸಾರು ಮಾಡಿ ಹಾಕ್ತಾಳಲ್ಲ, ಇನ್ನೇನು ಹಾರಬೇಕಾ ಅಂತ. ಅದನ್ನು ಮಾತ್ರ ಡೇಲ್ ಬರೆದುಕೊಂಡ.

ಡೇಲ್‌ಗೆ ಒಂದು ನಿಯಮ ಇತ್ತು. ಕಲಾವಿದ ಬರೆದದ್ದು, ಅಚ್ಚಿನ ಮನೆ ಹಾಕಿದ್ದು, ಅಷ್ಟೇ ಪುಸ್ತಕದಲ್ಲಿ ಇರಬೇಕು. ಆಮೇಲೆ ಓದುಗರು ಸೇರಿಸಿದ್ದೆಲ್ಲ ಕಲೆ. ಚಹದ ಕಲೆ, ಹುಳ ತಿಂದದ್ದು, ಮಡಿಸಿದ ಗೀರು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕೂತು ಒಂದೊಂದೇ ಒರೆಸುತ್ತಿದ್ದ. ನಾನು ಚಿಕ್ಕವನಿದ್ದಾಗ ಒಬ್ಬ ಬಾಡಿಗೆಯವನಿಗೆ ಪೆನ್ಸಿಲ್ಲಿನಲ್ಲಿ ಹುರಿಮೀಸೆ ಬರೆದಿದ್ದೆ. ಅದೂ ಹೋಯಿತು. ಸ್ವಲ್ಪ ಕಸಿವಿಸಿ ಆದರೂ ಸುಮ್ಮನಿದ್ದೆ, ಮೀಸೆ ಅಷ್ಟೇನೂ ಚೆನ್ನಾಗಿರಲಿಲ್ಲ.

ಒಂದು ದಿನ ಅವನಿಂದ ಉದ್ದನೆಯ ಇ-ಮೇಲ್ ಬಂತು. ದೊಡ್ಡ ಸಂಶೋಧನೆ ಆಗಿದೆಯಂತೆ. ಆ ಪತ್ರಿಕೆಯ ಮುಖಪುಟಕ್ಕೆ ಕಪ್ಪಿನ ಜೊತೆ ಕೆಂಪು ಒಂದೇ ಬಣ್ಣ. ನನ್ನ ಸಂಚಿಕೆಗಳಲ್ಲಿ ಮಿಸೆಸ್ ಟಟ್ವಿಕ್‌ಳ ಹಣೆಯ ಮೇಲೆ, ಪ್ರತಿ ವಾರವೂ ಅದೇ ಜಾಗದಲ್ಲಿ, ಒಂದು ಕೆಂಪು ಚುಕ್ಕೆ ಇದೆ, ಸುತ್ತ ತೆಳುವಾದ ಹಳದಿ. ಬೇರೆಡೆ ಸಿಕ್ಕಿರುವ ಬಿಡಿ ಪ್ರತಿಗಳಲ್ಲಿ ಇದಿಲ್ಲ. ಅಂದರೆ ವಿದೇಶಕ್ಕೆ ಕಳಿಸುವ ಪ್ರತಿಗಳನ್ನು ಬೇರೆ ಅಚ್ಚಿನ ಮನೆಯಲ್ಲಿ ಮುದ್ರಿಸುತ್ತಿದ್ದರು, ಬಣ್ಣ ಹೊಂದಿಸಲು ಈ ಗುರುತು ಹಾಕುತ್ತಿದ್ದರು. ಇದು ಯಾರಿಗೂ ಗೊತ್ತಿಲ್ಲದ ವಿಷಯ, ಮುನ್ನುಡಿಯಲ್ಲಿ ಬರೆಯುತ್ತೇನೆ, ಡಾಲಸ್ಸಿನ ಕಾಮಿಕ್ಸ್ ಮೇಳದಲ್ಲಿ ಭಾಷಣವನ್ನೂ ಮಾಡುತ್ತೇನೆ, ಚುಕ್ಕೆಗಳನ್ನು ಹಾಗೇ ಉಳಿಸಿಕೊಳ್ಳುತ್ತೇನೆ ಅಂತೆಲ್ಲ ಬರೆದಿದ್ದ.

ನಾನು ನಕ್ಕಿದ್ದಕ್ಕೆ ಮಿತಿ ಇಲ್ಲ. ವಿಜಯಾನ ಕರೆದು ಓದಿ ಹೇಳಿದೆ, ಅವಳು ನಗುತ್ತಾ ಒಗ್ಗರಣೆ ಸೀದುಹೋಗುವ ತನಕ ಅಲ್ಲೇ ನಿಂತಳು. ಕಣ್ಣೊರೆಸಿಕೊಂಡು ಮುಂದೆ ಓದಿದೆ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದ. ಜನವರಿಯ ಒಂದು ಸಂಚಿಕೆಯ ತನಕ ಎಲ್ಲದರಲ್ಲೂ ಚುಕ್ಕೆ ಇದೆ, ಅದರ ಮುಂದಿನ ವಾರದಿಂದ ಒಂದರಲ್ಲೂ ಇಲ್ಲ. ಆ ವಾರ ಏನಾಯಿತು, ನಿನಗೇನಾದರೂ ಗೊತ್ತಾ ಅಂತ.

ಜನವರಿಯಲ್ಲಿ ಏನೂ ಆಗಿರಲಿಲ್ಲವಲ್ಲ ಅಂದುಕೊಂಡೆ. ಆಮೇಲೆ ಹಡಗು ನೆನಪಾಯಿತು. ಜನವರಿಯ ಸಂಚಿಕೆ ನಮ್ಮ ಮನೆ ಮುಟ್ಟುತ್ತಿದ್ದದ್ದು ಬೇಸಿಗೆಯಲ್ಲಿ. ಅಪ್ಪ ಹೋದದ್ದು ಬೇಸಿಗೆಯಲ್ಲಿ. ಚುಕ್ಕೆ ಇದ್ದ ಕೊನೆಯ ಸಂಚಿಕೆ ಅಪ್ಪ ಸೈಕಲ್ ಮೇಲೆ ತಂದದ್ದು. ಅದರ ಮುಂದಿನದು ಡೇವಿಡ್ ಅಂಕಲ್ ಬಾಗಿಲಲ್ಲಿ ನಿಂತು ಕೊಟ್ಟದ್ದು.

ಅಮ್ಮನ ಹಣೆಯ ಕುಂಕುಮ ಹೋದದ್ದು ನನಗೆ ನೆನಪಿದೆ. ಹೆಂಗಸರು ಸುತ್ತ ಕೂತಿದ್ದರು, ನನ್ನನ್ನು ಹೊರಗೆ ಕಳಿಸಿದ್ದರು, ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ತುಂಗಮ್ಮನ ಕುಂಕುಮವೂ ಅದೇ ವಾರ ಹೋಗಿತ್ತು ಅಂತ ಮಾತ್ರ ನನಗೆ ಗೊತ್ತಿರಲಿಲ್ಲ. ಜೀವನವೆಲ್ಲ ಕಲ್ಲಿನ ಪದರ ನೋಡಿ ಇಲ್ಲಿ ಇಂಥದ್ದು ನಡೆದಿದೆ ಅಂತ ಹೇಳುವ ಕೆಲಸ ಮಾಡಿದವನು ನಾನು. ನನ್ನ ಮನೆಯ ಟ್ರಂಕಿನಲ್ಲೇ ಇದ್ದ ಪದರ ನೋಡಿರಲಿಲ್ಲ. ನನಗೆ ಅಳು ಬಂತು. ಬಂದದ್ದನ್ನು ಯಾಕೆ ಮುಚ್ಚಿಡಲಿ.

ಈಗ ಪೇಚಾಟ ಶುರುವಾಯಿತು. ನಿಜ ಹೇಳಿದರೆ ಆ ಚುಕ್ಕೆಗಳು ಡೇಲ್‌ನ ಲೆಕ್ಕದಲ್ಲಿ ಕಲೆ. ಚಹದ ಕಲೆಯ ಹಾಗೆ, ನನ್ನ ಮೀಸೆಯ ಹಾಗೆ, ಒರೆಸಿಬಿಡುತ್ತಾನೆ. ಅಮ್ಮ ಇಟ್ಟ ಕುಂಕುಮವನ್ನು ಇನ್ನೊಂದು ಸಲ ಒರೆಸಿದ ಹಾಗೆ. ಬಾಯಿ ಮುಚ್ಚಿಕೊಂಡಿದ್ದರೆ ಬೊಟ್ಟು ಉಳಿಯುತ್ತದೆ, ಆದರೆ ಒಬ್ಬ ಒಳ್ಳೆಯ ಮನುಷ್ಯ ಸಭೆಯಲ್ಲಿ ನಿಂತು ನಮ್ಮಮ್ಮನನ್ನು ಅಚ್ಚಿನ ಮನೆ ಅಂತ ಭಾಷಣ ಮಾಡುತ್ತಾನೆ. ಏನು ಮಾಡಬೇಕು ತಿಳಿಯದೆ ಅವನ ಇ-ಮೇಲಿಗೆ ಬಹಳ ಸ್ವಾರಸ್ಯವಾಗಿದೆ ಅಂತ ಒಂದು ಸಾಲು ಬರೆದು ಕೂತೆ.

ಮೇಳದ ಹಿಂದಿನ ದಿನ ನಾನೂ ವಿಜಯಾನೂ ಡಾಲಸ್ಸಿಗೆ ಡ್ರೈವ್ ಮಾಡಿಕೊಂಡು ಹೋದೆವು. ಅಮ್ಮನ ಜೊತೆಗಿರಲು ಮೇಘನಾ ಬಂದಿದ್ದಳು. ಉಳಿದುಕೊಂಡದ್ದು ಡಾಲಸ್ಸಿನ ಹೊರವಲಯದ ಪ್ರಾಸ್ಪರ್‌ನಲ್ಲಿ, ಹುಬ್ಬಳ್ಳಿಯ ಸ್ನೇಹಿತ ಪಾಟೀಲನ ಹೊಸ ಮನೆಯಲ್ಲಿ. ಅಲ್ಲಿ ಎಲ್ಲ ಮನೆಗಳೂ ಒಂದೇ ಥರ ಇರುವುದರಿಂದ ಮೊದಲು ಪಕ್ಕದ ಮನೆಯ ಬೆಲ್ ಒತ್ತಿದೆವು, ಅದು ಬಿಡಿ. ರೊಟ್ಟಿ ಎಣಗಾಯಿ ತಿನ್ನುತ್ತಾ ಪಾಟೀಲನಿಗೆ ಎಲ್ಲ ಹೇಳಿದೆ. ಅವನು ಕೇಳಿ, ‘ಸುಮ್ನ ಕುಂದರ್ರೀ ಸಾಹೇಬ್ರ. ಅಂವಾ ಖುಷಿ ಅದಾನ, ನಿಮ್ಮ ಬೊಟ್ಟೂ ಉಳೀತೈತಿ. ಯಾರ ಗಂಟು ಹೋಕ್ಕತಿ?’ ಅಂದ. ಸರಿ ಅನ್ನಿಸಿತು. ಹಾಸಿಗೆ ಮೇಲೆ ಬಿದ್ದಾಗ ವಿಜಯಾ ಒಂದೇ ಮಾತು ಹೇಳಿದಳು. ‘ಅತ್ತೆ ಕೈಯಾರೆ ಇಟ್ಟಿದ್ದು ರೀ. ಸುಳ್ಳು ಹೆಸರಲ್ಲಿ ಉಳಿಸ್ಕೊಂಡು ಏನು ಮಾಡ್ತೀರಾ?’

ಬೆಳಿಗ್ಗೆ ಮೇಳದ ಹಾಲಿನಲ್ಲಿ ಬಣ್ಣಬಣ್ಣದ ವೇಷದ ಜನರ ನಡುವೆ ಡೇಲ್‌ನ ಹುಡುಕಿ, ಕಾಫಿ ಕೊಡಿಸಿ, ಹೇಳಿಬಿಟ್ಟೆ. ಅಪ್ಪ, ಅಮ್ಮ, ಶುಕ್ರವಾರ, ಬೊಟ್ಟು, ಅದು ನಿಂತ ವಾರ, ಎಲ್ಲ. ಅವನು ಭಾಷಣದ ಹಾಳೆಗಳನ್ನು ತಿರುವಿ ನೋಡಿ, ಮಡಿಸಿ ಜೇಬಿಗಿಟ್ಟುಕೊಂಡ. ನಿಯಮದ ಪ್ರಕಾರ ಅದು ಹೋಗಬೇಕು ರಾಮ್ ಅಂದ. ನಾನು ತಲೆಯಾಡಿಸಿದೆ. ಆಮೇಲೆ ಅವನೇ ಹೇಳಿದ:

‘ನಾನು ಮಾಡಿದ ಪುಸ್ತಕಗಳಲ್ಲಿ ಕೈಗುರುತು ಬಿಟ್ಟವರು ಯಾರೂ ಈಗ ಬದುಕಿಲ್ಲ. ಯಾರನ್ನೂ ಕೇಳೋಕೆ ಆಗಿಲ್ಲ. ನಿನ್ನ ತಾಯಿ ಇದ್ದಾರಲ್ಲ. ಕೇಳದೆ ನಾನು ಅಳಿಸಲಾರೆ.’

ಆ ದಿನ ಭಾಷಣದಲ್ಲಿ ಅವನು ಚುಕ್ಕೆಯ ಸುದ್ದಿ ಎತ್ತಲಿಲ್ಲ. ಸಾರಿನ ಬಗ್ಗೆ ಮಾತಾಡಿದ. ಚಪ್ಪಾಳೆ ಬಿತ್ತು.

ಒಂದು ಶನಿವಾರ ಅವನು ಮಿಸೌರಿ ಸಿಟಿಗೆ ಬಂದ. ಬಾಗಿಲಲ್ಲಿ ಬೂಟು ಬಿಚ್ಚಿದ, ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದಿತ್ತು. ವಿಜಯಾ ಉಪ್ಪಿಟ್ಟು, ಕೇಸರಿಭಾತು ಮಾಡಿದ್ದಳು. ಅಮ್ಮ ಕನ್ನಡಕ ಹಾಕಿಕೊಂಡು ಮೇಜಿನ ಮುಂದೆ ಕೂತಳು. ಡೇಲ್ ಮುಖಪುಟಗಳನ್ನು ಸ್ಕ್ಯಾನಿನಿಂದ ಅಚ್ಚು ಹಾಕಿಸಿ ತಂದಿದ್ದ ಹಾಳೆಗಳನ್ನು ಬಿಡಿಸಿದ. ಅಮ್ಮ ಬಗ್ಗಿ ನೋಡಿ, ಅಯ್ಯೋ ನಮ್ಮ ತುಂಗಮ್ಮ ಅಂದಳು. ಎಷ್ಟೋ ವರ್ಷದ ಮೇಲೆ ನೆಂಟರು ಬಂದ ಹಾಗೆ ಅವಳ ಮುಖ ಆಯಿತು. ಆಮೇಲೆ ಕಥೆ ಶುರು. ಏಕಾದಶಿ, ಕುಂಡದ ಗಿಡ, ತುಂಗಮ್ಮನ ಕೈಗುಣ. ನಾನು ಇಂಗ್ಲಿಷಿಗೆ ಮಾಡಿ ಹೇಳುತ್ತಾ ಹೋದೆ. ಇಂಗ್ಲಿಷ್ ಕಥೆಯನ್ನೆಲ್ಲ ಬಾಯಿಪಾಠ ಮಾಡಿದ್ದ ಡೇಲ್ ಒಂದು ಮಾತನ್ನೂ ತಿದ್ದಲಿಲ್ಲ. ಎಸ್ ಮ್ಯಾಮ್, ಎಸ್ ಮ್ಯಾಮ್ ಅನ್ನುತ್ತಾ ಕೇಸರಿಭಾತು ತಿಂದ.

ಕಡೆಗೆ ಅವನು ಒಂದೇ ಮುಖಪುಟದ ಎರಡು ಹಾಳೆ ಅವಳ ಮುಂದಿಟ್ಟ. ಒಂದರಲ್ಲಿ ಬೊಟ್ಟು ಇತ್ತು, ಇನ್ನೊಂದರಲ್ಲಿ ಒರೆಸಿದ್ದ. ಯಾವುದು ಇರಲಿ ಅಂತ ಕೇಳು ಅಂದ. ಕೇಳಿದೆ. ಅಮ್ಮ ಎರಡನ್ನೂ ನೋಡಿದಳು. ಉಳಿದ ಹಾಳೆಗಳನ್ನು ತನ್ನ ಕಡೆ ಎಳೆದುಕೊಂಡು ಒಂದೊಂದೇ ತಿರುವಿದಳು. ಬೊಟ್ಟು, ಬೊಟ್ಟು, ಬೊಟ್ಟು. ಆಮೇಲೆ ಬೊಟ್ಟಿಲ್ಲದ ಮೊದಲನೇ ಹಾಳೆ ಬಂತು. ಅಲ್ಲಿ ಅವಳ ಕೈ ನಿಂತಿತು. ಇನ್ನೊಂದು ತಿರುವಿದಳು, ಮತ್ತೊಂದು. ಎಲ್ಲಾ ಬೋಳು ಹಣೆ. ನಾನು ಅವಳ ಮುಖ ನೋಡಲಾಗದೆ ಕಿಟಕಿ ಕಡೆ ತಿರುಗಿದೆ.

‘ಇವಳಿಗೆ ಯಾಕೋ ನಿಲ್ಲಿಸಿಬಿಟ್ಟೆ ನಾನು?’ ಅಂದಳು ಅಮ್ಮ. ‘ಇವಳ ಗಂಡ ಇದ್ದನಲ್ಲೋ.’

ಡೇಲ್ ಏನಂದರು ಅಂತ ನನ್ನನ್ನು ಕೇಳಿದ. ಲಾರಿಗೆ, ಬೆತ್ತಕ್ಕೆ, ಬಿಸ್ಕೆಟ್ಟಿಗೆ ಪುಟಗಟ್ಟಲೆ ಅರ್ಥ ಬರೆದುಕೊಟ್ಟವನಿಗೆ ಒಂದು ಮಾತು ಹೊರಡಲಿಲ್ಲ. ವಿಜಯಾನೇ ಅವನಿಗೆ ಮೆಲ್ಲಗೆ ಹೇಳಿದಳು. ಹೇಳಿ, ದೇವರ ಮನೆಗೆ ಹೋಗಿ, ಕುಂಕುಮದ ಭರಣಿ ತಂದು, ಮುಚ್ಚಳ ತೆಗೆದು ಅಮ್ಮನ ಮುಂದೆ ಹಿಡಿದಳು. ಅಮ್ಮ ಭರಣಿ ನೋಡಿದಳು, ಸೊಸೆಯ ಮುಖ ನೋಡಿದಳು. ಬಾಯಾರಿಕೆ ಅನ್ನಲಿಲ್ಲ. ಉಂಗುರದ ಬೆರಳು ಅದ್ದಿದಳು. ಒಂದೊಂದು ಹಾಳೆಯಲ್ಲೂ ಸರಿಯಾಗಿ ಹಣೆಯ ನಡುವೆ, ಬಿಟ್ಟುಹೋದ ವಾರಗಳಿಗೆಲ್ಲ, ಬೊಟ್ಟಿಡುತ್ತಾ ಹೋದಳು. ಡೇಲ್ ಒಣಗಲಿ ಅಂತ ಹಾಳೆಗಳನ್ನು ತೆಗೆದು ಸೋಫಾದ ಮೇಲೆ ಹರಡಿದ. ಕೈಗವಸು ಹಾಕಿಕೊಂಡಿರಲಿಲ್ಲ.

ಆ ಹಾಳೆಗಳನ್ನೂ ಸ್ಕ್ಯಾನ್ ಮಾಡಿ ಸೇರಿಸಿದ ಪುಸ್ತಕ ಬಂದು ಈಗ ಆಸ್ಟಿನ್ನಿನ ಅಂಗಡಿಯಲ್ಲಿ ಇದೆ. ಮೊದಲಿನಿಂದ ಕೊನೆಯ ತನಕ ತುಂಗಮ್ಮನ ಹಣೆಯಲ್ಲಿ ಬೊಟ್ಟಿದೆ, ಹಳೆಯವು ಸ್ವಲ್ಪ ಮಾಸಲು, ಹೊಸವು ಕೆಂಪಗೆ. ಅಮೆರಿಕದವರಿಗೆ ತಿಳಿಯಲಿ ಅಂತ ಅದಕ್ಕೂ ಒಂದು ಅಡಿಟಿಪ್ಪಣಿ ಬೇಕು ಅಂದ ಡೇಲ್. ಈ ಸಲ ನಾನು ಒಂದು ಪುಟ ಬರೆಯಲಿಲ್ಲ. ‘ಬೊಟ್ಟು: ಇವಳ ಗಂಡ ಬದುಕಿದ್ದಾನೆ ಅಂತ ಅರ್ಥ. ಇಟ್ಟವಳು ನನ್ನ ಅಮ್ಮ’ ಅಂತ ಬರೆದು ಕಳಿಸಿದೆ. ಅವನು ಅದರಲ್ಲಿ ಒಂದಕ್ಷರವನ್ನೂ ಕತ್ತರಿಸಲಿಲ್ಲ.